ಬಿಳಿ ಬೋರ್ಡಿನ ಹಳೆಯ ಕಾರಿಗೆ ಯಾರ ಪರೀಕ್ಷೆ?

ಒಂದೇ ವರ್ಷ, ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಮಾರುತಿ ಓಮ್ನಿಗಳಿವೆ ಎಂದುಕೊಳ್ಳಿ. ಒಂದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಚಚಡಿಯಲ್ಲಿ ಒಂದು ಮನೆಯ ಸ್ವಂತ ಗಾಡಿ. ಇನ್ನೊಂದು ಬೈಲಹೊಂಗಲದ ಬಾಡಿಗೆ ಗಾಡಿ. ಬಾಡಿಗೆ ಗಾಡಿಗೆ ಹಳದಿ ಬೋರ್ಡು. ಅದಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಹದಿನೈದು ತುಂಬುವ ಹೊತ್ತಿಗೆ ಅದು ಸುಮಾರು ಹತ್ತು ಸಲ ನಿರೀಕ್ಷಕರ ಮುಂದೆ ನಿಂತಿರುತ್ತದೆ. ಸ್ವಂತ ಗಾಡಿಗೆ ಬಿಳಿ ಬೋರ್ಡು. ಹೊಗೆ ತಪಾಸಣೆಯೊಂದನ್ನು ಬಿಟ್ಟರೆ, ಹದಿನೈದು ವರ್ಷ ಅದರ ಬ್ರೇಕು, ಸ್ಟೇರಿಂಗು, ಟೈರು ಹೇಗಿವೆ ಎಂದು ಕಾನೂನು ಒಂದು ಸಲವೂ ಕೇಳುವುದಿಲ್ಲ. ಹದಿನೈದಕ್ಕೆ ಒಮ್ಮೆ ನೋಡಿ, ಪಾಸಾದರೆ ಮತ್ತೆ ಐದು ವರ್ಷ ಬಿಟ್ಟುಬಿಡುತ್ತದೆ.

ಎರಡೂ ಗಾಡಿಗಳು ಓಡುವುದು ಒಂದೇ ರಸ್ತೆಯಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗೆ ಎರಡೂ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುತ್ತವೆ. ಎರಡರಲ್ಲೂ ಅಜ್ಜ, ಅಜ್ಜಿ, ಮಕ್ಕಳು, ಬುತ್ತಿಯ ಗಂಟು. ಅಪಾಯ ಎರಡಕ್ಕೂ ಒಂದೇ. ಪರೀಕ್ಷೆ ಮಾತ್ರ ಒಂದಕ್ಕೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹಳೆಯ ಕಾರು ಶೋಕಿಯ ವಸ್ತುವಲ್ಲ. ಮಾರುತಿ 800, ಓಮ್ನಿ, ಆಲ್ಟೊ, ಇಂಡಿಕಾ, ಸುಮೊ, ಬೊಲೆರೊ ಇವೆಲ್ಲ ಮನೆತನದ ದುಡಿಮೆಗೆ ಸೇರಿದ ಗಾಡಿಗಳು. ಹೆರಿಗೆಗೆ ಬೆಳಗಾವಿಯ ಆಸ್ಪತ್ರೆ ಮುಟ್ಟಿಸುವುದು, ಬೀಜ-ಗೊಬ್ಬರ ತರುವುದು, ಬೀಗರ ಮನೆಯ ಕಾರ್ಯಕ್ಕೆ ಹೋಗುವುದು ಇವುಗಳಲ್ಲೇ. ಮಾರುತಿ 800ರ ಉತ್ಪಾದನೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೆ ಹಳ್ಳಿಯ ಓಣಿಗಳಲ್ಲಿ ಅವು ಇನ್ನೂ ದುಡಿಯುತ್ತಿವೆ. 2010, 2011ರಲ್ಲಿ ಕೊಂಡ ಕಾರುಗಳಿಗೆ ಈಗ ಹದಿನೈದು ತುಂಬುವ ಕಾಲ. ಆಗ ಮಾಡಿಸುವ ತಪಾಸಣೆ, ನವೀಕರಣಕ್ಕೆ ಜನ ‘ಪಾಸಿಂಗ್’ ಎನ್ನುತ್ತಾರೆ. ಆ ಪಾಸಿಂಗ್ ಎಷ್ಟು ನಂಬಿಕೆಗೆ ಅರ್ಹ, ಈ ನೆಲದಲ್ಲಿ ಕಾರು ಮೊದಲು ಎಲ್ಲಿ ಸೋಲುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಕಾನೂನಿನ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಜೊತೆಗಿರಬೇಕು. ಹಸಿರು ತೆರಿಗೆ ಕಟ್ಟಿರಬೇಕು. ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ನಮ್ಮ ಭಾಗಕ್ಕೆ ಅದು ಬೈಲಹೊಂಗಲದ ಕೆಎ 24 ಕಚೇರಿ. 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿಗಳೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದೆ.

ಹಿಂದೆ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 5,000 ಆಯಿತು. ತಡಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿನ ಶುಲ್ಕವನ್ನು 10,000ಕ್ಕೆ ಏರಿಸಲಾಯಿತು. ಶುಲ್ಕ ಎಂಟು ಪಟ್ಟು ಮೀರಿ ಏರಿದರೂ ಪರೀಕ್ಷೆಯ ಆಳ ಅಷ್ಟೇ ಏರಿದೆಯೇ ಎಂದು ಕೇಳುವ ಹಕ್ಕು ಹಣ ಕಟ್ಟುವವನಿಗಿದೆ.

ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಗಾಡಿ ಓಡಿಸುವುದು ದಂಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಬೊಲೆರೊ ಒಂದು ಕಳುವಾದ ಪ್ರಕರಣದಲ್ಲಿ, ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಸಿಂಧುವಾದ ನೋಂದಣಿಯಿಲ್ಲದೆ ವಾಹನ ಬಳಸುವುದು ವಿಮೆಯ ಕರಾರಿನ ಮೂಲಭೂತ ಉಲ್ಲಂಘನೆ ಎಂಬುದು ಅದರ ಸಾರ. ವರ್ಷವರ್ಷ ಕಂತು ಕಟ್ಟಿದ್ದೇವಲ್ಲ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಕಣ್ಣಿಗೆ ಕಾಣುವುದು, ಕಾಣದಿರುವುದು

ಕಚೇರಿಯ ಬಯಲಿನಲ್ಲಿ ಗಾಡಿ ನಿಲ್ಲಿಸಿ ಮಾಡುವ ತಪಾಸಣೆ ಮುಖ್ಯವಾಗಿ ಕಣ್ಣಿನ ಕೆಲಸ. ಚಾಸಿ ನಂಬರು ಆರ್‌ಸಿಯೊಂದಿಗೆ ಹೊಂದುತ್ತದೆಯೇ, ದೀಪ ಉರಿಯುತ್ತವೆಯೇ, ಹಾರ್ನ್ ಕೂಗುತ್ತದೆಯೇ, ವೈಪರ್ ಆಡುತ್ತದೆಯೇ, ಟೈರು ಸವೆದಿದೆಯೇ, ಬಣ್ಣ ಬದಲಾಗಿದೆಯೇ ಎಂಬುದನ್ನು ಅನುಭವಿ ನಿರೀಕ್ಷಕರು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲರು. ಇವೂ ಮುಖ್ಯವೇ. ಆದರೆ ಎಡಗಾಲಿಗಿಂತ ಬಲಗಾಲಿಯ ಬ್ರೇಕ್ ಬಲ ಎಷ್ಟು ಕಡಿಮೆ ಎಂಬುದು ಯಾವ ಕಣ್ಣಿಗೂ ಕಾಣುವುದಿಲ್ಲ. ಕಾಲಡಿಯ ಮ್ಯಾಟಿನ ಕೆಳಗೆ ತಗಡು ತುಕ್ಕು ತಿಂದಿರುವುದು, ಬಾಲ್ ಜಾಯಿಂಟ್ ಸಡಿಲವಾಗಿರುವುದು, ಬ್ರೇಕ್ ಎಣ್ಣೆಯಲ್ಲಿ ನೀರಿನಂಶ ಸೇರಿರುವುದು ನಿಂತ ಗಾಡಿಯ ಸುತ್ತ ಒಂದು ಸುತ್ತು ಹಾಕಿದರೆ ತಿಳಿಯುವ ಸಂಗತಿಗಳಲ್ಲ.

ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳನ್ನು ಯೋಜಿಸಿದ್ದು ಇದಕ್ಕಾಗಿಯೇ. ಅಲ್ಲಿ ಗಾಲಿಗಳನ್ನು ತಿರುಗುವ ರೋಲರುಗಳ ಮೇಲೆ ನಿಲ್ಲಿಸಿ ಬ್ರೇಕ್ ಒತ್ತಿಸುತ್ತಾರೆ; ಒಂದೊಂದು ಗಾಲಿಯ ಹಿಡಿತವೂ ಅಂಕಿಯಾಗಿ ಬರುತ್ತದೆ. ನೇರ ಓಡುವಾಗ ಗಾಡಿ ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು ನೆಲದಲ್ಲಿ ಹುಗಿದ ಫಲಕ ಅಳೆಯುತ್ತದೆ. ಗುಂಡಿಯ ಮೇಲೆ ನಿಲ್ಲಿಸಿ ಗಾಲಿಗಳನ್ನು ಅಲುಗಿಸಿದಾಗ ಸ್ಟೇರಿಂಗಿನ ಜೋಡಣೆಗಳ ಸಡಿಲು ಬಯಲಾಗುತ್ತದೆ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ, ಹೊಗೆಯಲ್ಲಿ ಏನಿದೆ ಎಂಬುದೂ ದಾಖಲಾಗುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಕೇಂದ್ರಗಳಿಗೆ ಮಾಡಿದ ನಿಯಮದಲ್ಲಿ ಒಂದು ಒಳ್ಳೆಯ ಅಂಶವಿದೆ. ಪರೀಕ್ಷೆ ಮಾಡುವ ಕೇಂದ್ರ ರಿಪೇರಿ ಮಾಡುವಂತಿಲ್ಲ, ಗಾಡಿ ಅಥವಾ ಬಿಡಿಭಾಗ ಮಾರುವಂತಿಲ್ಲ. ದೋಷ ಹುಡುಕುವವನಿಗೆ ದೋಷದಿಂದ ಲಾಭ ಇರಬಾರದು. ಫೇಲಾದವರಿಗೆ ಮರುಪರೀಕ್ಷೆಗೂ ಮೇಲ್ಮನವಿಗೂ ಅವಕಾಶವಿದೆ. ಆದರೆ ಆರಂಭದಲ್ಲಿ ಇದನ್ನು ಕಡ್ಡಾಯ ಮಾಡಹೊರಟಿದ್ದು ಬಾಡಿಗೆ ವಾಹನಗಳಿಗೆ; ಆ ದಿನಾಂಕವೂ ಮುಂದೂಡಿಕೆ ಕಂಡಿತು. ಮನೆಯ ಕಾರಿಗೆ ಆ ಯಂತ್ರದ ಲಾಭ ನಮ್ಮ ತಾಲ್ಲೂಕುಗಳಲ್ಲಿ ಸಹಜವಾಗಿ ಸಿಗುವ ಕಾಲ ಬರಬೇಕಿದೆ.

ಯಂತ್ರವಿದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದೂ ಇಲ್ಲ. ದೆಹಲಿಯ ಹೊಗೆ ತಪಾಸಣೆ ಕೇಂದ್ರಗಳ ಬಗ್ಗೆ ಮಹಾಲೇಖಪಾಲರ ವರದಿ 2025ರಲ್ಲಿ ಅಲ್ಲಿನ ವಿಧಾನಸಭೆಗೆ ಬಂತು. ಮಿತಿ ಮೀರಿ ಹೊಗೆ ಉಗುಳಿದ 1.08 ಲಕ್ಷ ವಾಹನಗಳಿಗೂ ಪಾಸ್ ಪತ್ರ ಸಿಕ್ಕಿತ್ತು ಎಂದು ಅದು ದಾಖಲಿಸಿತು. ಯಂತ್ರವನ್ನು ಕಾಲಕಾಲಕ್ಕೆ ತೂಗಿ ಸರಿಪಡಿಸಬೇಕು, ಅದರ ಅಂಕಿಯನ್ನು ಮನುಷ್ಯ ತಿದ್ದುವಂತಿರಬಾರದು, ಆ ಅಂಕಿ ಮಾಲೀಕನ ಕೈಗೂ ಬರಬೇಕು. ಈ ಮೂರೂ ಇದ್ದರೆ ಮಾತ್ರ ಪರೀಕ್ಷೆಗೆ ಬೆಲೆ.

ಎರೆ ನೆಲ ತಂದಿಡುವ ತುಕ್ಕು

ನಮ್ಮ ಭಾಗದ ಕಾರುಗಳಿಗೆ ಮೊದಲ ಶತ್ರು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದ ಗಾಡಿಯ ಗಾಲಿಯ ಮೇಲಿನ ಕಮಾನಿನೊಳಗೆ ಅದು ಮೆತ್ತಿಕೊಂಡರೆ ತಾನಾಗಿ ಉದುರುವುದಿಲ್ಲ. ಹೊರಪದರ ಒಣಗಿದರೂ ಒಳಗೆ ತೇವ ಹಿಡಿದಿಟ್ಟುಕೊಂಡು ವಾರಗಟ್ಟಲೆ ತಗಡಿಗೆ ಅಂಟಿರುತ್ತದೆ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ನೀರು ಬಸಿಯಲು ಇರುವ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಅಲ್ಲಿಂದ ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತ ಬರುತ್ತದೆ. ಮೇಲೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗಿನ ತಗಡು ಅರ್ಧ ಹೋಗಿರುತ್ತದೆ.

ಮಾರುತಿ 800, ಓಮ್ನಿ, ಆಲ್ಟೊಗಳಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ದೇಹವೇ ಎಲ್ಲ ಭಾರವನ್ನೂ ಹೊರುತ್ತದೆ. ಆದ್ದರಿಂದ ತುಕ್ಕು ಎಲ್ಲಿದೆ ಎಂಬುದು ಮುಖ್ಯ. ಬಾಗಿಲಿನ ಮೂಲೆಯಲ್ಲಿದ್ದರೆ ಅಂದ ಕೆಡುತ್ತದೆ, ಅಷ್ಟೇ. ಮುಂದಿನ ಸಸ್ಪೆನ್ಷನ್ ಬೋಲ್ಟ್ ಆಗುವ ಜಾಗ, ಸೀಟ್‌ಬೆಲ್ಟಿನ ಕೊಂಡಿ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ ಇಲ್ಲೆಲ್ಲ ಇದ್ದರೆ ಜೀವಕ್ಕೆ ಕುತ್ತು. ಬಣ್ಣ ಬಳಿದು, ಪುಟ್ಟಿ ತುಂಬಿ ಇದನ್ನು ಮುಚ್ಚುವುದು ಪಾಸಿಂಗ್ ಹತ್ತಿರ ಬಂದಾಗ ನಡೆಯುವ ಕೆಲಸ. ಪುಟ್ಟಿ ತುಂಬಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡಿನ ಸದ್ದು ಬರುವುದಿಲ್ಲ. ಮ್ಯಾಟ್ ಎತ್ತಿ, ಗಾಡಿಯನ್ನು ಎತ್ತಿ ನೋಡುವುದೇ ದಾರಿ.

ಹಳೆಯ ಗಾಡಿ ಕೊಳ್ಳುವವರು ಇನ್ನೆರಡು ಸಂಗತಿ ನೆನಪಿಡಬೇಕು. ಗೋವಾ, ಕಾರವಾರದ ಕಡೆ ವರ್ಷಗಟ್ಟಲೆ ಇದ್ದ ಗಾಡಿಗೆ ಸಮುದ್ರದ ಉಪ್ಪು ಗಾಳಿ ತಗುಲಿರುತ್ತದೆ. ಇನ್ನು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಹೊಳೆ ನೀರು ಕುಡಿದ ಕಾರಿನ ವೈರಿಂಗು, ಬೇರಿಂಗು, ಬ್ರೇಕು ಆಗ ರಿಪೇರಿಯಾದಂತೆ ಕಂಡರೂ ವರ್ಷಗಳ ನಂತರ ಒಂದೊಂದಾಗಿ ಕೈಕೊಡುತ್ತವೆ. ಸೀಟಿನ ಕೆಳಗಿನ ಹಳಿ, ಡ್ಯಾಶ್‌ಬೋರ್ಡಿನ ಹಿಂದಿನ ಮೂಲೆಗಳಲ್ಲಿ ಒಣಗಿದ ರೆವೆ ಸಿಕ್ಕರೆ ಆ ಗಾಡಿ ಬೇಡ.

ನಿಲ್ಲುವ ಶಕ್ತಿ

ಕಾರು ಓಡುವುದಕ್ಕಿಂತ ಮೊದಲು ನಿಲ್ಲಬೇಕು. ಈ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಧೂಳು, ಕೆಸರು ಡ್ರಮ್ಮಿನೊಳಗೆ ಸೇರಿ ಶೂಗಳು ಸವೆಯುತ್ತವೆ. ಒಳಗಿನ ವೀಲ್ ಸಿಲಿಂಡರಿನ ರಬ್ಬರು ಹಳೆಯದಾಗಿ ಎಣ್ಣೆ ಒಸರುತ್ತದೆ. ಆ ಎಣ್ಣೆ ಶೂಗೆ ತಗುಲಿದರೆ ಆ ಗಾಲಿ ಹಿಡಿಯುವುದೇ ಇಲ್ಲ; ಜೋರಾಗಿ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ರೋಲರ್ ಪರೀಕ್ಷೆಯಲ್ಲಿ ಹಳೆಯ ಕಾರುಗಳು ಸೋಲುವ ಮುಖ್ಯ ಜಾಗ ಇದು.

ಎರಡನೆಯದು ಹ್ಯಾಂಡ್‌ಬ್ರೇಕು. ಸಮತಟ್ಟಾದ ನಮ್ಮ ಊರುಗಳಲ್ಲಿ ಅದನ್ನು ಎಳೆಯುವವರೇ ಕಡಿಮೆ. ಬಳಸದ ಕೇಬಲ್ ಒಳಗೆ ತುಕ್ಕು ಹಿಡಿದು ಗಟ್ಟಿಯಾಗಿರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುವ ರೂಢಿ ಇಲ್ಲಿಂದ ಬಂದದ್ದು.

ಮೂರನೆಯದು ಬ್ರೇಕ್ ಎಣ್ಣೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ನೀರಿನಂಶ ಹೆಚ್ಚಿ ಅದರ ಕುದಿಯುವ ಬಿಂದು ಇಳಿಯುತ್ತದೆ. ಜನ ತುಂಬಿದ ಗಾಡಿ ಯಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಬ್ರೇಕ್ ಒತ್ತಿಯೇ ಇಳಿದರೆ ಬಿಸಿ ಏರಿ, ಎಣ್ಣೆಯಲ್ಲಿ ಆವಿಯ ಗುಳ್ಳೆ ಎದ್ದು, ಪೆಡಲ್ ಸ್ಪಂಜಿನಂತೆ ಒಳಹೋಗಬಹುದು. ಬೆಳಿಗ್ಗೆ ಬಯಲಿನಲ್ಲಿ ಸರಿಯಾಗಿದ್ದ ಬ್ರೇಕ್ ಮಧ್ಯಾಹ್ನ ಇಳಿಜಾರಿನಲ್ಲಿ ಮೋಸ ಮಾಡುವುದು ಹೀಗೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿಗೆ ಈ ವಿಜ್ಞಾನದ ಬಲವಿದೆ.

ಮನೆಯಲ್ಲೇ ನೋಡಿಕೊಳ್ಳುವ ಬಗೆ ಸುಲಭ. ಗಾಡಿ ನಿಂತಿರುವಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಬೂಸ್ಟರ್ ಇರುವ ಗಾಡಿಯಾದರೆ ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದುಕೊಂಡೇ ಎಂಜಿನ್ ಶುರು ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರನ್ನು ಮಿಸ್ತ್ರಿಗೆ ತೋರಿಸಬೇಕು.

ಗಾಡಿಯ ಕೆಳಗಿನ ಕೆಲಸ

ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರುಗಳ ಭಾರಕ್ಕೆ ಹಳ್ಳಿ ರಸ್ತೆಗಳು ಕಿತ್ತುಹೋಗುತ್ತವೆ. ಆ ತಗ್ಗುಗಳ ಪೆಟ್ಟೆಲ್ಲ ಕಾರಿನ ಬುಷ್, ಬಾಲ್ ಜಾಯಿಂಟ್, ಟೈರಾಡ್ ಎಂಡ್, ಶಾಕ್ ಅಬ್ಸಾರ್ಬರುಗಳಿಗೆ. ಸ್ಟೇರಿಂಗ್ ತಿರುಗಿಸಿದಾಗ ಕಟಕಟ ಸದ್ದು, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಹೊಯ್ದಾಡುವುದು, ಟೈರಿನ ಒಂದೇ ಅಂಚು ಸವೆಯುವುದು ಇದರ ಲಕ್ಷಣ. ಬಾಲ್ ಜಾಯಿಂಟ್ ಪೂರ್ತಿ ಕಳಚಿದರೆ ಗಾಲಿ ಮಡಚಿಕೊಂಡು ಬೀಳುತ್ತದೆ. ಜಾಕ್ ಹಾಕಿ ಮುಂದಿನ ಗಾಲಿ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ-ಬಲ ಹಿಡಿದಾಗ ಕಂಡರೆ ಹೆಚ್ಚಾಗಿ ಟೈರಾಡ್. ಜಾಕಿನ ಮೇಲಿರುವ ಗಾಡಿಯ ಕೆಳಗೆ ಮಾತ್ರ ಯಾರೂ ನುಸುಳಬಾರದು. ಓಮ್ನಿಯ ಹಿಂದಿನ ಪಾಟಾಗಳಲ್ಲಿ ಬಿರುಕು ಬಂದಿದೆಯೇ ಎಂದೂ ನೋಡಬೇಕು. ಗೊಬ್ಬರದ ಚೀಲ ಹೊತ್ತ ಗಾಡಿಗಳಲ್ಲಿ ಇದು ಸಾಮಾನ್ಯ.

ಟೈರಿನ ಹಲ್ಲು ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಹಲ್ಲುಗಳ ನಡುವೆ ಅಲ್ಲಲ್ಲಿ ಇರುವ ಸಣ್ಣ ಉಬ್ಬಿನ ಮಟ್ಟಕ್ಕೆ ಸವೆದರೆ ಟೈರ್ ಮುಗಿಯಿತು. ಹಳ್ಳಿಯ ಕಾರುಗಳಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಬೇರೆ: ಓಡಾಟ ಕಡಿಮೆಯಾದ್ದರಿಂದ ಹಲ್ಲು ಉಳಿದಿರುತ್ತದೆ, ರಬ್ಬರು ಬಿಸಿಲಿಗೆ ಸೀಳಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಎಂದಿದ್ದರೆ ಅದು 2012ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರನ್ನು ಹೊಸದರಂತೆ ಕಂಡರೂ ನಂಬಬಾರದು. ಸ್ಟೆಪ್ನಿಗೂ ಇದೇ ಮಾತು.

ಬೆಳಕು, ಹೊಗೆ, ಇಂಧನ

ನವೆಂಬರಿನಿಂದ ಮುಂದೆ ರಾತ್ರಿಯ ರಸ್ತೆಗಳಲ್ಲಿ ಹಿಂದಿನ ದೀಪವಿಲ್ಲದ, ಪ್ರತಿಫಲಕವಿಲ್ಲದ ಕಬ್ಬಿನ ಟ್ರೇಲರುಗಳು ನಿಂತಿರುತ್ತವೆ. ಹೆಡ್‌ಲೈಟಿನ ಗಾಜು ಹಳದಿಯಾಗಿ, ಒಳಗಿನ ಬೆಳ್ಳಿ ಲೇಪ ಮಾಸಿದ್ದರೆ ಟ್ರೇಲರ್ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಜಾಗವೇ ಉಳಿದಿರುವುದಿಲ್ಲ. ಜಾಸ್ತಿ ವಾಟಿನ ಬಲ್ಬು ಹಾಕುವುದು ಪರಿಹಾರವಲ್ಲ. ಅದರ ಬಿಸಿಗೆ ಹಳೆಯ ವೈರು ಕರಗುತ್ತದೆ, ಎದುರಿನವರ ಕಣ್ಣು ಕತ್ತಲಾಗುತ್ತದೆ. ಗಾಜು ಉಜ್ಜಿಸಿ, ಬೆಳಕಿನ ಕೋನ ಸರಿಪಡಿಸಿ, ಬ್ರೇಕ್ ಲೈಟ್ ಉರಿಯುತ್ತದೆಯೇ ಎಂದು ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಸಿ.

ಹೊಗೆ ತಪಾಸಣೆಯಲ್ಲಿ ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಮೊದಲನೆಯದು ಹೆಚ್ಚಿದ್ದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ ಎಂದರ್ಥ: ಏರ್ ಫಿಲ್ಟರ್ ಕಟ್ಟಿರಬಹುದು, ಆಕ್ಸಿಜನ್ ಸೆನ್ಸರ್ ಹೋಗಿರಬಹುದು. ಎರಡನೆಯದು ಹೆಚ್ಚಿದ್ದರೆ ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿಲ್ಲ ಅಥವಾ ಎಂಜಿನ್ ಆಯಿಲ್ ಸುಡುತ್ತಿದೆ. ತಣ್ಣಗಿರುವ ಎಂಜಿನ್ ಒಳ್ಳೆಯದಿದ್ದರೂ ಫೇಲಾಗಬಹುದು. ಹತ್ತಿಪ್ಪತ್ತು ನಿಮಿಷ ಓಡಿಸಿ, ಬಿಸಿಯಾದ ಮೇಲೆ ತೋರಿಸಬೇಕು. ಆ ಚೀಟಿಯಲ್ಲಿನ ಅಂಕಿಗಳನ್ನು ಓದಿ ಎತ್ತಿಟ್ಟುಕೊಳ್ಳುತ್ತ ಹೋದರೆ ಎಂಜಿನ್ನಿನ ಆರೋಗ್ಯ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂಬುದು ತಿಳಿಯುತ್ತದೆ. ಸೈಲೆನ್ಸರ್ ಪೈಪು ತೂತಾಗಿ, ನೆಲದ ತಗಡೂ ತುಕ್ಕು ಹಿಡಿದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಒಳಗೇ ಬರುತ್ತದೆ. ಗಾಡಿಯಲ್ಲಿ ಕೂತ ಮಕ್ಕಳಿಗೆ ಪ್ರತಿ ಸಲ ತಲೆನೋವು, ವಾಕರಿಕೆ ಬಂದರೆ ಇದನ್ನೂ ಅನುಮಾನಿಸಿ.

ಇನ್ನೊಂದು ಬದಲಾವಣೆ ನಮ್ಮದೇ ಹೊಲದಿಂದ ಬಂದದ್ದು. ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಗಳಂಥ ಸಕ್ಕರೆ ಕಾರ್ಖಾನೆಗಳ ಊರುಗಳಿರುವ ಈ ಜಿಲ್ಲೆಯ ರೈತನಿಗೆ ಕಬ್ಬಿನಿಂದ ಎಥನಾಲ್ ತಯಾರಾಗುವುದು ಹೊಸ ವಿಷಯವಲ್ಲ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಯತೊಡಗಿತು. ಆ ಮಿಶ್ರಣವನ್ನು ಗಮನದಲ್ಲಿಟ್ಟು ಕಾರು ತಯಾರಾಗತೊಡಗಿದ್ದು 2023ರ ಏಪ್ರಿಲ್‌ನಿಂದ. ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟುಗಳನ್ನು ಬದಲಿಸಬೇಕಾಗಿ ಬರಬಹುದು ಎಂದು ಸರ್ಕಾರವೇ ಹೇಳಿದೆ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ತಡ ಮಾಡಬಾರದು. ಓಮ್ನಿಗೆ ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಟ್ಯಾಂಕಿಗೆ ಅವಧಿಗೆ ಸರಿಯಾಗಿ ಒತ್ತಡ ಪರೀಕ್ಷೆ ಆಗಿರಬೇಕು. ಅಡುಗೆ ಸಿಲಿಂಡರನ್ನು ಕಾರಿಗೆ ಜೋಡಿಸುವುದು ಕಾನೂನುಬಾಹಿರ. ಹಾಗೆ ಮಾಡಿದವರು ಮಕ್ಕಳನ್ನು ಬೆಂಕಿಯ ಪಕ್ಕ ಕೂರಿಸಿದ್ದಾರೆ.

ಬೇರೆಡೆ ಹೇಗೆ

ಬ್ರಿಟನ್ನಿನಲ್ಲಿ ಕಾರುಗಳ ಕಡ್ಡಾಯ ಪರೀಕ್ಷೆ 1960ರಲ್ಲಿ ಶುರುವಾಯಿತು. ಹತ್ತು ವರ್ಷ ದಾಟಿದ ಕಾರಿನ ಬ್ರೇಕು, ದೀಪ, ಸ್ಟೇರಿಂಗ್ ನೋಡಲು ಹೊರಟಾಗ ಫೇಲಾದವು ಎಷ್ಟಿದ್ದವೆಂದರೆ ಮರುವರ್ಷವೇ ಮಿತಿಯನ್ನು ಏಳು ವರ್ಷಕ್ಕೆ, 1967ರಲ್ಲಿ ಮೂರು ವರ್ಷಕ್ಕೆ ಇಳಿಸಿದರು. ಆಮೇಲೆ ಪ್ರತಿ ವರ್ಷ ಪರೀಕ್ಷೆ. 2018ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸಿ ಬರೆದುಕೊಡುತ್ತಾರೆ. ಗಾಡಿಯ ನಂಬರ್ ಹಾಕಿದರೆ ಅದು ಯಾವ ವರ್ಷ ಯಾವ ಕಾರಣಕ್ಕೆ ಫೇಲಾಯಿತು ಎಂಬುದನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಹಳೆಯ ಗಾಡಿ ಕೊಳ್ಳುವ ಬಡವನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಜರ್ಮನಿ, ಜಪಾನ್‌ಗಳಲ್ಲಿ ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ.

ದೆಹಲಿ ಇನ್ನೊಂದು ದಾರಿ ಹಿಡಿಯಿತು. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನ ರಾಜಧಾನಿ ವಲಯದಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜುಲೈಯಲ್ಲಿ ಅಂಥ ಗಾಡಿಗಳಿಗೆ ಇಂಧನ ನಿಲ್ಲಿಸುವ ಪ್ರಯತ್ನ ನಡೆದು, ಜನ ಸಿಟ್ಟಿಗೆದ್ದರು. ಆಗಸ್ಟ್ 12ರಂದು ಅದೇ ನ್ಯಾಯಾಲಯ, ವಯಸ್ಸೊಂದನ್ನೇ ಕಾರಣವಾಗಿಟ್ಟು ಬಲವಂತದ ಕ್ರಮ ಬೇಡ ಎಂದಿತು. ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನು ವಯಸ್ಸಿನ ಹೆಸರಲ್ಲಿ ತಳ್ಳುವುದು ಅನ್ಯಾಯ. ಕೆಟ್ಟ ಕಾರನ್ನು ಕಾಗದದ ಹೆಸರಲ್ಲಿ ಉಳಿಸುವುದೂ ಅಷ್ಟೇ ಅನ್ಯಾಯ.

ಏನಾಗಬೇಕು

ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಅದೇ ಮನುಷ್ಯ ಕಾರಿನ ವಿಷಯದಲ್ಲಿ ‘ಪಾಸಿಂಗ್ ಆಗೇತಿ, ಇನ್ನ ಐದ ವರ್ಷ ಚಿಂತಿಲ್ಲ’ ಎಂದುಬಿಡುತ್ತಾನೆ. ಆದರೆ ಪ್ರಮಾಣಪತ್ರ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ. ಬ್ರೇಕ್ ಶೂ ಐದು ವರ್ಷ ಕಾಯುವುದಿಲ್ಲ.

ಗಾಡಿ ಎಷ್ಟೇ ಸರಿಯಿದ್ದರೂ ಬಳಕೆ ತಪ್ಪಾದರೆ ಯಾವ ಪರೀಕ್ಷೆಯೂ ಕಾಯದು. 2023ರ ಜನವರಿಯಲ್ಲಿ ಹುಲಕುಂದದಿಂದ ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದವರ ಸರಕು ಸಾಗಣೆ ವಾಹನ ರಾಮದುರ್ಗ ತಾಲ್ಲೂಕಿನಲ್ಲಿ ಮರಕ್ಕೆ ಬಡಿದು ಆರು ಜನ ಸತ್ತರು. ಸರಕಿನ ಗಾಡಿಯಲ್ಲಿ ಜನ, ಐದು ಜನರ ಕಾರಿನಲ್ಲಿ ಒಂಬತ್ತು ಜನ ಎಂಬ ರೂಢಿಯನ್ನು ಜಾತ್ರೆಯ ಉತ್ಸಾಹದಲ್ಲೂ ಬಿಡಬೇಕು.

ಸಾರಿಗೆ ಇಲಾಖೆಗೆ ಮೂರು ಬೇಡಿಕೆ. ಒಂದು, ಖಾಸಗಿ ಕಾರಿಗೆ ಹತ್ತು ವರ್ಷವಾದ ಮೇಲೆ ಎರಡು ವರ್ಷಕ್ಕೊಮ್ಮೆ ಕಡಿಮೆ ಶುಲ್ಕದ ಸುರಕ್ಷತಾ ಪರೀಕ್ಷೆ ಬರಲಿ. ಹದಿನೈದರ ನಂತರ ಐದು ವರ್ಷದ ನೋಂದಣಿ ಇರಲಿ, ಆದರೆ ನಡುವೆ ಬ್ರೇಕು, ಸ್ಟೇರಿಂಗ್ ನೋಡುವ ವ್ಯವಸ್ಥೆಯಾಗಲಿ. ಎರಡು, ಬೈಲಹೊಂಗಲದಂಥ ತಾಲ್ಲೂಕು ಕೇಂದ್ರಗಳಲ್ಲಿ ಬ್ರೇಕ್ ರೋಲರ್ ಮತ್ತು ಗಾಡಿ ಕೆಳಗೆ ನೋಡುವ ಗುಂಡಿ ಇರಲಿ. ಅದು ಆಗುವವರೆಗೆ ಸಂಚಾರಿ ಯಂತ್ರ ಬರಲಿ. ಜಾತ್ರೆಯ ಮುಂಚೆ ಸವದತ್ತಿಯಲ್ಲಿ ಅದು ನಿಂತರೆ ಎಷ್ಟೋ ಮನೆಗಳು ಉಳಿಯುತ್ತವೆ. ಮೂರು, ಪಾಸ್ ಅಥವಾ ಫೇಲ್ ಎಂಬ ಒಂದೇ ಮಾತಿನ ಬದಲು ಪ್ರತಿ ಭಾಗದ ಅಳತೆ ಬರೆದ ಚೀಟಿ ಕನ್ನಡದಲ್ಲಿ ಮಾಲೀಕನ ಕೈ ಸೇರಲಿ.

ಕಾರು ಇಟ್ಟುಕೊಂಡವರಿಗೂ ಒಂದು ಮಾತು. ನೆಲದ ತಗಡು, ಸಸ್ಪೆನ್ಷನ್ ಕೂರುವ ಜಾಗ ತುಕ್ಕು ತಿಂದಿದ್ದರೆ ಆ ಗಾಡಿಯನ್ನು ಬಿಡುವುದು ಒಳ್ಳೆಯದು. ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದರೆ, ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಮಾಡಿದೆ. ತಗಡು ಗಟ್ಟಿಯಿದ್ದು ಬ್ರೇಕ್, ಜಾಯಿಂಟ್, ಟೈರ್ ಮಾತ್ರ ಸವೆದಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ. ಈ ಸಣ್ಣ ಕಾರುಗಳ ಬಿಡಿಭಾಗ ಇನ್ನೂ ಸುಲಭವಾಗಿ ಸಿಗುತ್ತವೆ, ಕೆಲಸ ಬಲ್ಲ ಮಿಸ್ತ್ರಿಗಳು ಊರೂರಲ್ಲಿದ್ದಾರೆ.

ಆರ್‌ಸಿ ತೆಗೆದು ನೋಂದಣಿ ಎಂದು ಮುಗಿಯುತ್ತದೆ ನೋಡಿ. ಕಾಲಡಿಯ ಮ್ಯಾಟ್ ಎತ್ತಿ ತಗಡು ನೋಡಿ. ಈ ವಾರವೇ ಗ್ಯಾರೇಜಿಗೆ ಹೋಗಿ ನಾಲ್ಕೂ ಗಾಲಿ ಬಿಚ್ಚಿಸಿ ಬ್ರೇಕ್ ತೋರಿಸಿ. ಪಾಸಿಂಗಿಗೆ ಇನ್ನೂ ವರ್ಷಗಳಿದ್ದರೂ ಸರಿ, ಮುಂದಿನ ಹುಣ್ಣಿಮೆಗೆ ಗುಡ್ಡಕ್ಕೆ ಹೊರಡುವ ಮೊದಲು ಇಷ್ಟನ್ನು ಮಾಡಿ ಮುಗಿಸಿ.